ಮಾವ ಅಮ್ಮನಿಗಿಂತ ದೊಡ್ಡವನಾ, ಚಿಕ್ಕವನಾ? ಒಂದು ಕಾರ್ಟೂನ್ ಥಾಯ್ ಭಾಷೆಗೆ ಹೋದ ಪ್ರಕರಣ

ಬೆಂಗಳೂರಿನಲ್ಲಿ ತಯಾರಾದ ಒಂದು ಮಕ್ಕಳ ಕಾರ್ಟೂನ್ ಸರಣಿ ಬ್ಯಾಂಕಾಕಿನಲ್ಲಿ ಥಾಯ್ ಭಾಷೆಗೆ ಡಬ್ ಆಯಿತು. ಬೆಂಗಳೂರಿನ ಕಡೆಯಿಂದ ನಾನೇ ಅದರ ಸಂಯೋಜಕ. ಸ್ಕ್ರಿಪ್ಟು, ಆಡಿಯೊ ಫೈಲು, ತಕರಾರು, ಮೂರೂ ನನ್ನ ಮೇಜಿನ ಮೇಲೆ ಹಾದುಹೋಗುತ್ತಿದ್ದವು. ಈಗ ಇದನ್ನು ಬರೆಯುತ್ತಿರುವುದು ಇದೇ ಕೆಲಸಕ್ಕೆ ಕೈ ಹಾಕುವವರಿಗಾಗಿ. ಸ್ಟುಡಿಯೊ, ಖರೀದಿಸಿದವರು, ಡಬ್ ಮಾಡಿದ ತಂಡ, ಯಾರ ಹೆಸರೂ ಇಲ್ಲಿ ಇಲ್ಲ. ಪಾತ್ರಗಳ ಹೆಸರನ್ನು, ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಎಡವಟ್ಟುಗಳನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ. ಅದರಲ್ಲಿ ಅರ್ಧದಷ್ಟು ನನ್ನವೇ.

ಹಿನ್ನೆಲೆ

ಸರಣಿಯಲ್ಲಿ 26 ಕಂತು, ಒಂದೊಂದು 11 ನಿಮಿಷ. ಕಥೆ ನಡೆಯುವುದು ಮಲೆನಾಡಿನ ಒಂದು ಹಳ್ಳಿಯಲ್ಲಿ. ಪುಟ್ಟ ಅಂತ ಎಂಟು ವರ್ಷದ ಹುಡುಗ, ಪಕ್ಕದ ಮನೆಯ ಗೆಳತಿ ಚಿನ್ನಿ, ಅಮ್ಮ, ಅಜ್ಜ, ಸೋದರಮಾವ, ಜೊತೆಗೆ ಒಂದು ಕಿತಾಪತಿ ಕಾಗೆ. ಅಪ್ಪ ದುಬೈನಲ್ಲಿ, ಫೋನಿನಲ್ಲಿ ಮಾತ್ರ ಬರುತ್ತಾನೆ. ಬರೆದ ನಾಲ್ವರಲ್ಲಿ ಮೂವರು ಕನ್ನಡದವರು. ಚರ್ಚೆ ಕನ್ನಡದಲ್ಲಿ, ಬರವಣಿಗೆ ಇಂಗ್ಲಿಷಿನಲ್ಲಿ, ಮೊದಲ ಧ್ವನಿ ಹಿಂದಿಯಲ್ಲಿ. ಮಾರುಕಟ್ಟೆ ಇರುವುದೇ ಹಾಗೆ. ಕನ್ನಡದಲ್ಲಿ ಹುಟ್ಟಿದ ಪುಟ್ಟ ಕನ್ನಡದಲ್ಲಿ ಒಂದು ಮಾತೂ ಆಡದೆ ಬ್ಯಾಂಕಾಕಿಗೆ ಹೊರಟ.

ಕೊಂಡವರು ಥಾಯ್ಲೆಂಡಿನ ಒಂದು ಆನ್‌ಲೈನ್ ವೇದಿಕೆಯವರು. ವರ್ಷ 2022. ದರ ಕಡಿಮೆ ಇತ್ತು, ಅದಕ್ಕೆ ಕಾರಣವೂ ಇತ್ತು. 2014ರಲ್ಲಿ ಅಲ್ಲಿ ಡಿಜಿಟಲ್ ಟಿವಿ ಶುರುವಾದಾಗ ಮಕ್ಕಳಿಗೆಂದೇ ಮೂರು ಚಾನೆಲ್ ಮೀಸಲಿಟ್ಟಿದ್ದರು. ಒಂದು 2015ರಲ್ಲೇ ಮುಚ್ಚಿತು. ಉಳಿದ ಎರಡೂ 2019ರಲ್ಲಿ ಪರವಾನಗಿ ವಾಪಸು ಕೊಟ್ಟವು. ಕೊಳ್ಳುವವರು ಕಡಿಮೆಯಾದರೆ ಬೆಲೆ ಅವರು ಹೇಳಿದ್ದೇ ಅಲ್ವಾ. ಡಬ್ಬಿಂಗ್ ಖರ್ಚು ನಮ್ಮ ಸ್ಟುಡಿಯೊದ್ದು ಅಂತ ಒಪ್ಪಂದ ಆಯಿತು.

ಥಾಯ್ ಮಕ್ಕಳಿಗೆ ಪರದೇಶದ ಕಾರ್ಟೂನು ಹೊಸದೇನಲ್ಲ. ಸ್ವಂತ ಅನಿಮೇಷನ್ ಅಲ್ಲಿ ಬಹಳ ಕಷ್ಟಪಟ್ಟು ಬೆಳೆದದ್ದು. ಪಯುತ್ ಙಾವ್‌ಕ್ರಚಾಂಗ್ ಅನ್ನುವವರು 1955ರಲ್ಲಿ ಮೊದಲ ಕಿರುಚಿತ್ರ ಮಾಡಿದರು. ಮೊದಲ ಪೂರ್ಣ ಉದ್ದದ ಚಿತ್ರ ‘ಸುದ್‌ಸಾಕೊನ್’ ಮುಗಿಸಲು ಅವರಿಗೆ 1979 ಆಯಿತು. ಕೈಯಲ್ಲಿ ಬರೆದು ಬರೆದು ಕಣ್ಣೇ ಹಾಳಾಯಿತು ಅಂತ ಅಲ್ಲಿನವರು ಈಗಲೂ ಹೇಳುತ್ತಾರೆ. ದೇಶದ ಮೊದಲ ತ್ರೀಡಿ ಅನಿಮೇಷನ್ ಚಿತ್ರ ‘ಕಾನ್ ಕ್ಲುವಾಯ್’ ಬಂದದ್ದು 2006ರಲ್ಲಿ. ನಡುವಿನ ಅಷ್ಟೂ ವರ್ಷ ಟಿವಿಯನ್ನು ತುಂಬಿದ್ದು ಜಪಾನಿನ ಕಾರ್ಟೂನುಗಳು, ಅದೂ ಥಾಯ್ ಧ್ವನಿಯಲ್ಲಿ. 1982ರಿಂದ ಡೋರೇಮಾನ್ ಅಲ್ಲಿ ಥಾಯ್ ಮಾತಾಡುತ್ತಿದೆ. ಸ್ವಲ್ಪ ಹೊಟ್ಟೆಕಿಚ್ಚು ನನಗೆ. ನಮ್ಮಲ್ಲಿ ದಶಕಗಟ್ಟಲೆ ಡಬ್ಬಿಂಗ್ ಅಂದರೆ ಜಗಳ. ಕನ್ನಡಕ್ಕೇ ಅಂತ ಮಕ್ಕಳ ಚಾನೆಲ್, ಚಿಂಟು ಟಿವಿ, ಬಂದದ್ದೇ 2009ರಲ್ಲಿ. ಅಷ್ಟು ಹೊತ್ತಿಗೆ ನನಗೆ ಮೀಸೆ ಬಂದಾಗಿತ್ತು.

ಡಬ್ಬಿಂಗಿಗೆ ಥಾಯ್ ಭಾಷೆಯಲ್ಲಿ ‘ಪಾಕ್’ ಅನ್ನುತ್ತಾರೆ. ಬರೆಯುವಾಗ ಕೊನೆಗೆ ಒಂದು ಯಕಾರ ಇದೆ, ಓದುವಾಗ ಬಿಟ್ಟುಬಿಡುತ್ತಾರೆ. ಮೂಲ ನಮ್ಮ ‘ವಾಕ್ಯ’ವೇ. ಈ ಪದ ಸಿನಿಮಾಕ್ಕಿಂತ ಬಹಳ ಹಳೆಯದು. ಖೋನ್ ಅಂತ ಅವರ ಮುಖವಾಡದ ರಾಮಾಯಣ ನಾಟಕ ಇದೆ, 2018ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಅದರಲ್ಲಿ ಮುಖವಾಡ ಹಾಕಿ ಕುಣಿಯುವವರು ಮಾತಾಡುವುದಿಲ್ಲ. ಬದಿಯಲ್ಲಿ ಕುಳಿತವರು ಅವರ ಪರವಾಗಿ ಹೇಳುತ್ತಾರೆ. ಅದು ಪಾಕ್. ಆಮೇಲೆ 16 ಎಂಎಂ ಮೂಕ ರೀಲುಗಳ ಕಾಲ ಬಂತು. ಊರೂರಿಗೆ ಬಯಲು ಸಿನಿಮಾ ಹೋಗುತ್ತಿತ್ತು, ಜೊತೆಗೇ ಒಬ್ಬ ನಕ್‌ಪಾಕ್, ಅಂದರೆ ಪಾಕ್ ಹೇಳುವವನು, ಮೈಕ್ ಹಿಡಿದು ಎಲ್ಲ ಪಾತ್ರಕ್ಕೂ ಧ್ವನಿ ಕೊಡುತ್ತಿದ್ದ. ಆ ಊರಿನ ಗುಟ್ಟು, ಪೇಟೆಯ ಬೆಲೆ, ಎಲ್ಲವನ್ನೂ ಮಾತಿನ ಮಧ್ಯೆ ಸೇರಿಸುತ್ತಿದ್ದ. ನಮ್ಮ ಟೂರಿಂಗ್ ಟಾಕೀಸಿನ ಪರದೆ ಪಕ್ಕ ಒಬ್ಬ ಒಳ್ಳೆ ಅರ್ಥಧಾರಿಯನ್ನು ಕೂರಿಸಿದ ಹಾಗೆ ಅಂದುಕೊಳ್ಳಿ. ಇದನ್ನೆಲ್ಲ ನಾನು ಮೊದಲೇ ತಿಳಿದುಕೊಂಡಿದ್ದರೆ ಒಪ್ಪಂದದಲ್ಲಿ ಒಂದು ಸಾಲು ಬರೆಯುತ್ತಿರಲಿಲ್ಲ. ಆ ವಿಷಯ ಮುಂದೆ ಬರುತ್ತದೆ.

ಬ್ಯಾಂಕಿನ ಕೌಂಟರಿನಲ್ಲಿ ಎಂಟು ವರ್ಷದವರು

ನಾವು ಕಳಿಸಿದ್ದು ಇಂಗ್ಲಿಷ್ ಸ್ಕ್ರಿಪ್ಟು, ಹಿಂದಿ ಧ್ವನಿಯ ವಿಡಿಯೊ, ಸಂಗೀತ ಮತ್ತು ಸದ್ದು ಮಾತ್ರ ಇರುವ ಎಂ ಅಂಡ್ ಇ ಟ್ರ್ಯಾಕು. ದುಡ್ಡು ಉಳಿಸಲು ಅನುವಾದವನ್ನು ಡಬ್ಬಿಂಗ್ ತಂಡಕ್ಕೆ ಕೊಡದೆ ಬೇರೆ ಏಜೆನ್ಸಿಗೆ ಕೊಟ್ಟೆವು. ಪದಕ್ಕೆ ಇಷ್ಟು ಅಂತ ದರ. ಮೊದಲ ನಾಲ್ಕು ಕಂತು ಮೂರು ವಾರದಲ್ಲಿ ಮುಗಿದು ಬಂತು. ತುಟಿಗೆ ಮಾತು ಕೂಡಿತ್ತು, ಧ್ವನಿ ಚೆನ್ನಾಗಿತ್ತು. ಥಾಯ್ ನನಗೆ ಬರುವುದಿಲ್ಲ. ಸರಿ ಇದೆ ಅಂತ ಸಹಿ ಹಾಕಿದೆ.

ಡಬ್ಬಿಂಗ್ ನಿರ್ದೇಶಕಿ ಸಹಿ ಹಾಕಲಿಲ್ಲ. ಐವತ್ತು ದಾಟಿದ ಹೆಂಗಸು, ಇಪ್ಪತ್ತೈದು ವರ್ಷದ ಅನುಭವ. ತಂಡದವರೆಲ್ಲ ಅವರನ್ನು ಪೀ ಅನ್ನುತ್ತಿದ್ದರು, ಅಂದರೆ ಅಕ್ಕ; ಅಣ್ಣನಿಗೂ ಅದೇ ಪದ. ನಾನೂ ಹಾಗೇ ಕರೆಯತೊಡಗಿದೆ. ಅವರು ತಮ್ಮ ಪರಿಚಯದವರ ಹತ್ತು ಮಕ್ಕಳನ್ನು ಸ್ಟುಡಿಯೊಗೆ ಕರೆಸಿ ಎರಡು ಕಂತು ತೋರಿಸಿದರು. ನನ್ನನ್ನೂ ವಿಡಿಯೊ ಕರೆಯಲ್ಲಿ ಕೂರಿಸಿದರು. ಮಕ್ಕಳು ನಗಬೇಕಾದಲ್ಲಿ ನಗಲಿಲ್ಲ. ಮಾವ ಬಂದಾಗ ಒಂದಿಬ್ಬರು ನಕ್ಕರು, ಅದು ನಗುವ ದೃಶ್ಯವೇ ಅಲ್ಲ. ಶೀರ್ಷಿಕೆ ಹಾಡಿನಲ್ಲಿ ಒಬ್ಬ ಹುಡುಗ ‘ಹೊಂಗ್ ಹೊಂಗ್’ ಅಂದ. ಅಲ್ಲಿ ನಾಯಿ ಬೊಗಳುವುದು ಹಾಗೆ. ಉಳಿದವರೂ ಬೊಗಳಿದರು.

ಕರೆ ಮುಗಿದ ಮೇಲೆ ಪೀ ಕೇಳಿದ ಮೊದಲ ಪ್ರಶ್ನೆ: “ಪುಟ್ಟ, ಚಿನ್ನಿ ಇಬ್ಬರೂ ಫ್ರೆಂಡ್ಸಾ, ಬ್ಯಾಂಕಿನವರಾ?”

ಆದದ್ದು ಇಷ್ಟು. ಇಂಗ್ಲಿಷಿನ ‘ಐ’, ‘ಯು’ ಎರಡನ್ನೂ ಅನುವಾದಕರು ‘ಪೊಮ್’, ‘ಖುನ್’ ಅಂತ ಮಾಡಿದ್ದರು. ತಪ್ಪೇನಿಲ್ಲ, ಶಾಲೆಯ ಪುಸ್ತಕದಲ್ಲಿ ಅದೇ ಇದೆ. ಆದರೆ ಎಂಟು ವರ್ಷದ ಹುಡುಗ ಮಾವಿನಮರದ ಮೇಲೆ ಕೂತು ಗೆಳತಿಗೆ ‘ತಾವು ಕೆಳಗಿಳಿಯಿರಿ’ ಅಂದರೆ ಹೇಗಿರುತ್ತೆ? ಥಾಯ್ ಭಾಷೆಯಲ್ಲಿ ‘ನಾನು’ ಅನ್ನಲು ಹತ್ತಾರು ದಾರಿ. ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದರ ಮೇಲೆ ಪದ ಬದಲಾಗುತ್ತದೆ. ಮಕ್ಕಳು ಗೆಳೆಯರ ಹತ್ತಿರ ‘ರಾವ್’ ಅನ್ನಬಹುದು. ದೊಡ್ಡವರ ಎದುರು ಪುಟ್ಟ ಮಗು, ಅದರಲ್ಲೂ ಹುಡುಗಿ, ‘ನೂ’ ಅನ್ನಬಹುದು. ಅದರ ಅರ್ಥ ಇಲಿ. ತನ್ನ ಹೆಸರನ್ನೇ ತಾನು ಹೇಳಿಕೊಳ್ಳಲೂಬಹುದು, ನಮ್ಮ ಪುಟ್ಟ ಮಕ್ಕಳು ‘ಪಾಪುಗೆ ಬೇಕು’ ಅನ್ನುವ ಹಾಗೆ.

ಮಾವನ ಕಥೆ ಇನ್ನೂ ಗೋಜಲು. ಇಂಗ್ಲಿಷ್ ಸ್ಕ್ರಿಪ್ಟಿನಲ್ಲಿ ಐದು ಜನರಿಗೆ ‘ಅಂಕಲ್’ ಅಂತಿತ್ತು: ಮಾವ, ಶಿವಮೊಗ್ಗದಿಂದ ಬರುವ ದೊಡ್ಡಪ್ಪ, ಬಸ್ ಕಂಡಕ್ಟರ್, ಟೀ ಅಂಗಡಿಯವನು, ಅರಣ್ಯ ಇಲಾಖೆಯ ಗಾರ್ಡು. ಅನುವಾದಕರು ಐವರಿಗೂ ‘ಲುಂಗ್’ ಅಂತ ಹಾಕಿದ್ದರು. ಲುಂಗ್ ಅಂದರೆ ಅಪ್ಪನ ಅಥವಾ ಅಮ್ಮನ ಅಣ್ಣ, ಅವರಿಗಿಂತ ದೊಡ್ಡ ವಯಸ್ಸಿನವನು. ಪರದೆ ಮೇಲೆ ನಮ್ಮ ಮಾವ ಜೀನ್ಸ್ ಹಾಕಿ, ಕೂದಲಿಗೆ ಜೆಲ್ ಮೆತ್ತಿಕೊಂಡು ಬೈಕಿನಲ್ಲಿ ಬರುವವ. ಮಕ್ಕಳು ನಕ್ಕಿದ್ದು ಅದಕ್ಕೆ.

ಮೊದಲ ಪ್ರಯತ್ನ, ಮೊದಲ ವೈಫಲ್ಯ

ಅನುವಾದ ಕೆಟ್ಟಿದೆ, ಇನ್ನೊಬ್ಬರಿಂದ ಮಾಡಿಸೋಣ: ಇದು ನನ್ನ ತೀರ್ಮಾನ. ಜಾಸ್ತಿ ದುಡ್ಡು ಕೊಟ್ಟು, ಮಕ್ಕಳ ಪುಸ್ತಕ ಬರೆದು ಅನುಭವ ಇರುವ ಒಬ್ಬರನ್ನು ಹುಡುಕಿದೆವು. ಅವರ ಥಾಯ್ ಲವಲವಿಕೆಯಿಂದ ಇತ್ತು ಅಂತ ಪೀ ಒಪ್ಪಿಕೊಂಡರು. ಆದರೆ ಮಾವ ಒಂದು ಕಂತಿನಲ್ಲಿ ‘ನಾ’, ಇನ್ನೊಂದರಲ್ಲಿ ‘ಆ’. ಮೊದಲನೆಯದು ಅಮ್ಮನ ತಮ್ಮ ಅಥವಾ ತಂಗಿ, ಎರಡನೆಯದು ಅಪ್ಪನ ತಮ್ಮ ಅಥವಾ ತಂಗಿ. ಪಾಪ, ಅವರಾದರೂ ಏನು ಮಾಡುತ್ತಾರೆ? ಅವರ ಕೈಯಲ್ಲಿದ್ದದ್ದೂ ಅದೇ ಇಂಗ್ಲಿಷ್ ಹಾಳೆ. ‘ಅಂಕಲ್’ ಅನ್ನುವ ಪದದಲ್ಲಿ ಇಲ್ಲದ ಸಂಬಂಧವನ್ನು ಎಷ್ಟು ಒಳ್ಳೆಯ ಅನುವಾದಕಿಯಾದರೂ ಎಲ್ಲಿಂದ ತರಬೇಕು?

ಹತ್ತು ದಿನ ಹೋಯಿತು, ದುಡ್ಡೂ ಹೋಯಿತು. ಎರಡನೇ ಅನುವಾದಕ್ಕೆ ಹೋಗುವ ಮುಂಚೆ ಪೀಯನ್ನು ಒಂದು ಮಾತು ಕೇಳಿದ್ದರೆ ಇದು ಉಳಿಯುತ್ತಿತ್ತು. ಕೇಳಲಿಲ್ಲ. ಡಬ್ಬಿಂಗ್ ನಿರ್ದೇಶಕರು ಧ್ವನಿಗೆ, ಅನುವಾದಕರು ಮಾತಿಗೆ ಅಂತ ನನ್ನ ತಲೆಯಲ್ಲಿ ಎರಡು ಡಬ್ಬ ಇದ್ದವು.

ಸಂಬಂಧದ ಹಾಳೆ

ಪ್ರಕರಣ ತಿರುಗಿದ್ದು ಒಂದು ವಿಡಿಯೊ ಕರೆಯಲ್ಲಿ. ಪೀ ಒಂದು ಖಾಲಿ ಎಕ್ಸೆಲ್ ಹಾಳೆ ತೆರೆದರು. ಎಡಗಡೆ ಎಲ್ಲ ಪಾತ್ರಗಳು, ಮೇಲೆಯೂ ಎಲ್ಲ ಪಾತ್ರಗಳು. ಪ್ರತಿ ಚೌಕದಲ್ಲಿ ಮೂರು ವಿಷಯ ತುಂಬಬೇಕು: ಇವನು ಅವನನ್ನು ಏನೆಂದು ಕರೆಯುತ್ತಾನೆ, ತನ್ನನ್ನು ಏನೆಂದು ಹೇಳಿಕೊಳ್ಳುತ್ತಾನೆ, ಸಿಟ್ಟು ಬಂದಾಗ ಎರಡೂ ಏನಾಗುತ್ತವೆ.

“ಮಾವನಿಂದ ಶುರು ಮಾಡೋಣ. ಅಮ್ಮನ ಕಡೆಯವನಾ?”

“ಹೌದು.” ಇದು ಸುಲಭ. ಹಿಂದಿ ಧ್ವನಿಯಲ್ಲಿ ‘ಮಾಮಾ’ ಅಂತಲೇ ಇದೆ.

“ಅಮ್ಮನಿಗಿಂತ ದೊಡ್ಡವನಾ, ಚಿಕ್ಕವನಾ?”

ನಾನು ಸುಮ್ಮನಾದೆ. ಗೊತ್ತಿಲ್ಲ. ಬರೆದವರಿಗೆ ಫೋನ್ ಮಾಡಿದೆ. ಅವರಿಗೂ ಗೊತ್ತಿಲ್ಲ. ಎರಡು ವರ್ಷ ಆ ಪಾತ್ರದ ಜೊತೆ ಬದುಕಿದ ನಾಲ್ವರಲ್ಲಿ ಒಬ್ಬರಿಗೂ ಈ ಪ್ರಶ್ನೆ ಬಂದಿರಲೇ ಇಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ ಅನ್ನಿ. ಕನ್ನಡದಲ್ಲಿ ಅಪ್ಪನ ಕಡೆ ದೊಡ್ಡಪ್ಪ, ಚಿಕ್ಕಪ್ಪ ಅಂತ ವಯಸ್ಸು ನೋಡುತ್ತೇವೆ. ಅಮ್ಮನ ಕಡೆ ಅಣ್ಣನಾಗಲಿ ತಮ್ಮನಾಗಲಿ ಸೋದರಮಾವನೇ. ಥಾಯ್‌ನಲ್ಲಿ ಲೆಕ್ಕ ಬೇರೆ. ಅಪ್ಪ ಅಮ್ಮನಿಗಿಂತ ದೊಡ್ಡವನಾದರೆ ಯಾವ ಕಡೆಯವನಾದರೂ ಲುಂಗ್. ಚಿಕ್ಕವನಾದರೆ ಮಾತ್ರ ಯಾವ ಕಡೆ ಅಂತ ನೋಡುತ್ತಾರೆ. ನಮಗೆ ಬೇಡದ ವಿವರ ಅವರಿಗೆ ಬೇಕು. ಅದಿಲ್ಲದೆ ಪುಟ್ಟ ಬಾಯಿ ಬಿಟ್ಟು ಮಾವನನ್ನು ಕರೆಯುವ ಹಾಗೇ ಇಲ್ಲ.

ಕಂತುಗಳನ್ನು ಮತ್ತೆ ನೋಡಿದೆವು. ಒಂಬತ್ತನೇ ಕಂತಿನಲ್ಲಿ ಅಮ್ಮ ಮಾವನ ಕಿವಿ ಹಿಂಡುತ್ತಾಳೆ, ಹಾಗಾದರೆ ತಮ್ಮ. ಹದಿನೇಳರಲ್ಲಿ ಅವನು ಬಂದಾಗ ಎದ್ದು ನಿಲ್ಲುತ್ತಾಳೆ, ಹಾಗಾದರೆ ಅಣ್ಣ. ಬೇರೆ ಬೇರೆ ಬರಹಗಾರರು ಬೇರೆ ಬೇರೆ ಮಾವನನ್ನು ಬರೆದಿದ್ದರು. ಅಜ್ಜನ ವಿಷಯ ಇದಕ್ಕಿಂತ ಮಜಾ. ಇಂಗ್ಲಿಷಿನಲ್ಲಿ ‘ಗ್ರ್ಯಾಂಡ್‌ಪಾ’, ನಮ್ಮ ಮನಸ್ಸಿನಲ್ಲಿ ‘ಅಜ್ಜ’, ಹಿಂದಿಯಲ್ಲಿ ‘ದಾದಾಜಿ’. ದಾದಾ ಅಂದರೆ ಅಪ್ಪನ ಅಪ್ಪ. ಅವನ ಮನೆಯಲ್ಲಿ ಸೊಸೆಯ ತಮ್ಮ 26 ಕಂತೂ ಬಿಡಾರ ಹೂಡಿ ಏನು ಮಾಡುತ್ತಿದ್ದಾನೆ? ಹಿಂದಿಯಲ್ಲಿ ಯಾರೂ ಕೇಳಲಿಲ್ಲ. ಪೀ ಕೇಳಿದರು.

ಮೂರು ದಿನ ಕೂತು ಒಂದು ಮನೆತನ ಕಟ್ಟಿದೆವು. ಅದು ಅಮ್ಮನ ತವರುಮನೆ. ಅಜ್ಜ ಅಮ್ಮನ ಅಪ್ಪ, ಥಾಯ್‌ನಲ್ಲಿ ‘ತಾ’. ನಮ್ಮ ತಾತನಿಗೂ ಅದಕ್ಕೂ ಸಂಬಂಧ ಇದೆಯೋ ಬರೀ ಕಾಕತಾಳೀಯವೋ, ಕೇಳಿದರೆ ಮಾತ್ರ ಹಿತ. ಮಾವ ಅಮ್ಮನ ತಮ್ಮ, ಆದ್ದರಿಂದ ‘ನಾ’. ಹದಿನೇಳನೇ ಕಂತಿನಲ್ಲಿ ಅಮ್ಮ ಎದ್ದು ನಿಂತದ್ದು ಒಲೆಯ ಮೇಲಿನ ಹಾಲು ಉಕ್ಕಿತು ಅಂತ; ಒಂದು ‘ಅಯ್ಯೋ, ಹಾಲು!’ ಸೇರಿಸಿ ದಾಟಿಸಿದೆವು. ದೊಡ್ಡಪ್ಪ ಲುಂಗ್ ಆಗಿಯೇ ಉಳಿದ. ಟೀ ಅಂಗಡಿಯವನು ಬಿಳಿ ಮೀಸೆಯವ, ಅವನೂ ಲುಂಗ್. ಗಾರ್ಡು ‘ಆ’. ಕಂಡಕ್ಟರ್ ಹುಡುಗನಾದ್ದರಿಂದ ‘ಪೀ’.

‘ನಾ’ ಸಾಕಾ, ಅದರಲ್ಲಿ ಸಲುಗೆ ಬರುತ್ತಾ ಅಂತ ನನಗೆ ಅನುಮಾನವಿತ್ತು. ಪೀ ನಕ್ಕರು. ಅವರ ತಲೆಮಾರಿನವರಿಗೆ ವಾರಾಂತ್ಯದ ಬೆಳಿಗ್ಗೆ ಚಾನೆಲ್ 9ರ ಕಾರ್ಟೂನು ಅಂದರೆ ಒಬ್ಬರೇ ನೆನಪಾಗುವುದು, ನಿರೂಪಕರೂ ಧ್ವನಿ ಕಲಾವಿದರೂ ಆಗಿದ್ದ ‘ನಾ ತೊಯ್ ಸೆಂಬೆ’. ಸೆಂಬೆ ಅವರು ಧ್ವನಿ ಕೊಟ್ಟ ಜಪಾನಿ ಪಾತ್ರದ ಹೆಸರು. ಮುಂದಿನ ‘ನಾ’ ಇದೇ ನಾ. ಅಂದರೆ ಒಂದು ದೇಶದ ಮಕ್ಕಳೆಲ್ಲ ತಮ್ಮ ಕಾರ್ಟೂನ್ ಧ್ವನಿಯನ್ನು ಅಮ್ಮನ ತಮ್ಮ ಅಂತ ಕರೆದರು. ನಾನು ಮತ್ತೆ ಆ ಪದದ ಬಗ್ಗೆ ತಕರಾರು ತೆಗೆಯಲಿಲ್ಲ.

ಕಾಗೆಗೆ ಬಾಯಿ

ಈಗ ಒಪ್ಪಂದದ ಆ ಸಾಲಿಗೆ ಬರುತ್ತೇನೆ. ‘ಒಪ್ಪಿಗೆಯಾದ ಸ್ಕ್ರಿಪ್ಟಿನ ಒಂದು ಪದವನ್ನೂ ರೆಕಾರ್ಡಿಂಗ್ ವೇಳೆ ಬದಲಿಸಕೂಡದು.’ ಬದಲಿಸಿದರೆ ಇಂಗ್ಲಿಷಿಗೆ ಮರಳಿ ಅನುವಾದಿಸಿ, ಮೇಲ್ ಮಾಡಿ, ಒಪ್ಪಿಗೆ ತೆಗೆದುಕೊಳ್ಳಬೇಕು. ಬರೆದವನು ನಾನು. ಇನ್ನೊಂದು ಭಾಷೆಯ ಡಬ್ಬಿಂಗಿನಲ್ಲಿ ಯಾರೋ ಅಸಭ್ಯ ಜೋಕು ತುರುಕಿ ಪೇಚಾಗಿತ್ತು, ಅದರ ಭಯ.

ಮರುರೆಕಾರ್ಡಿಂಗಿಗೆ ನಾನೇ ಬ್ಯಾಂಕಾಕಿಗೆ ಹೋದೆ. ಬೆಂಗಳೂರಿನಲ್ಲಿ ಈಗ ಒಬ್ಬೊಬ್ಬರೇ ಬೂತಿನಲ್ಲಿ ನಿಂತು ತಮ್ಮ ತಮ್ಮ ಸಾಲು ಹೇಳಿ ಹೋಗುತ್ತಾರೆ. ಪೀ ಹಳೆಯ ಪದ್ಧತಿಯವರು. ಚಿಕ್ಕ ಕೋಣೆ, ಐದು ಜನ ಒಟ್ಟಿಗೆ, ಎರಡು ಮೈಕು. ಹದಿನೆಂಟು ಪಾತ್ರಗಳನ್ನು ಆ ಐವರೇ ಹಂಚಿಕೊಂಡಿದ್ದರು. ಅಮ್ಮನ ಧ್ವನಿ ಕೊಟ್ಟವರು ಮರುಕ್ಷಣ ಕೋಳಿ. ಹಾಳೆ ತಿರುಗಿಸುವ ಸದ್ದು ಕೇಳಬಾರದು ಅಂತ ಸ್ಕ್ರಿಪ್ಟನ್ನು ಬಿಡಿ ಹಾಳೆಗಳಾಗಿ ಹರಡಿಕೊಂಡಿದ್ದರು. ಎ.ಸಿ. ಸದ್ದೂ ಬೀಳಬಾರದು ಅಂತ ಟೇಕ್ ನಡೆಯುವಾಗ ಅದನ್ನೂ ಆರಿಸುತ್ತಿದ್ದರು. ಅಂಗಿ ಬೆನ್ನಿಗೆ ಅಂಟುತ್ತಿತ್ತು.

ಕಾಗೆಯ ಧ್ವನಿ ಅರವತ್ತು ದಾಟಿದ ಒಬ್ಬರದು. ಹುಡುಗನಾಗಿದ್ದಾಗ ಬಯಲು ಸಿನಿಮಾದ ನಕ್‌ಪಾಕ್‌ಗಳ ಹಿಂದೆ ಅಲೆದವರಂತೆ. ಕಾಗೆಗೆ ಅವರು ‘ಖಾ’, ‘ಎಂಗ್’ ಅನ್ನುವ ಹಳೇ ಕಾಲದ ನಾನು, ನೀನು ಆರಿಸಿದ್ದರು. ಜಾನಪದ ನಾಟಕದ ರಾಜ, ರಾಕ್ಷಸರು ಬಳಸುವಂಥವು. ಕಸದ ಬುಟ್ಟಿ ಮೇಲೆ ಕೂತ ಕಾಗೆ ಚಕ್ರವರ್ತಿಯ ಭಾಷೆ ಆಡುತ್ತಿತ್ತು. ಮೊದಲ ಟೇಕಿನಲ್ಲಿ ಕಾಗೆ ಬೆನ್ನು ತಿರುಗಿಸಿ ಹಾರಿಹೋಗುವಾಗ ಸ್ಕ್ರಿಪ್ಟಿನಲ್ಲಿ ಇಲ್ಲದ ಏನನ್ನೋ ಗೊಣಗಿದರು. ಕೋಣೆಯಲ್ಲಿದ್ದವರೆಲ್ಲ ನಕ್ಕು ಟೇಕ್ ಹಾಳಾಯಿತು. ಅವರು ನನ್ನ ಕಡೆ ತಿರುಗಿ ಕೈ ಮುಗಿದು ಕ್ಷಮೆ ಕೇಳಿದರು. ಎರಡನೇ ಟೇಕಿನಲ್ಲಿ ಬರೆದದ್ದನ್ನಷ್ಟೇ ಹೇಳಿದರು. ಕಾಗೆ ಸತ್ತ ಹಾಗಿತ್ತು.

ಗೊಣಗಿದ್ದು ಏನು ಅಂತ ಕೇಳಿದೆ. ‘ಈ ಸಿಂಹಾಸನಕ್ಕೆ ನಾಳೆ ಮತ್ತೆ ಬರುವೆ, ಯಾರೂ ಗುಡಿಸಬೇಡಿ’ ಅಂತಂತೆ.

ಅವತ್ತು ಮಧ್ಯಾಹ್ನ ಬೆಂಗಳೂರಿಗೆ ಫೋನ್ ಹಾಕಿದೆ. ನಮ್ಮ ಬಾಸ್ ಮೊದಲು ಒಪ್ಪಲಿಲ್ಲ. “ಒಂದು ಸಲ ಬಿಟ್ರೆ ಎಲ್ಲರೂ ಶುರು ಮಾಡ್ತಾರೆ ಕಣಯ್ಯ” ಅಂದರು. ಅದೂ ನಿಜ. ಕೊನೆಗೆ ಒಂದು ಗೆರೆ ಎಳೆದೆವು. ಕಾಗೆಗೆ ಮಾತ್ರ, ಅದೂ ಕೊಕ್ಕು ಕಾಣದ ಚೌಕಟ್ಟುಗಳಲ್ಲಿ ಮಾತ್ರ, ಸೇರಿಸಿ ಹೇಳಬಹುದು. ಮೇಲ್ ಬೇಡ. ದಿನದ ಕೊನೆಗೆ ಪೀ ಅಷ್ಟನ್ನು ನನಗೆ ಬಾಯಿಮಾತಿನಲ್ಲಿ ಹೇಳಬೇಕು, ನಾನು ಹ್ಞೂಂ ಅಥವಾ ಊಹೂಂ ಅನ್ನಬೇಕು. 26 ಕಂತುಗಳಲ್ಲಿ ನಾಲ್ಕೈದು ಸಲ ಊಹೂಂ ಅಂದಿರಬಹುದು. ಎರಡನೇ ಸಲ ಮಕ್ಕಳನ್ನು ಕರೆಸಿ ತೋರಿಸಿದಾಗ ಕಾಗೆ ಬಂದರೆ ಸಾಕು, ಮುಂದೆ ಜರುಗಿ ಕೂರುತ್ತಿದ್ದರು.

ಹನುಮನ ಪ್ರಶ್ನೆ

ಇಪ್ಪತ್ತೊಂದನೇ ಕಂತು ಯಕ್ಷಗಾನದ್ದು. ಊರ ಮಕ್ಕಳು ಆಟ ಕಟ್ಟುತ್ತಾರೆ, ಪುಟ್ಟ ಹನುಮಂತ. ಚಿನ್ನಿ ತನಗೂ ಪಾತ್ರ ಬೇಕು ಅಂತ ಹಟ ಹಿಡಿದು ‘ನಾನು ಹನುಮನ ಹೆಂಡತಿ ಆಗ್ತೀನಿ’ ಅನ್ನುತ್ತಾಳೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ನಮಗೆ ವಿವರಿಸುವ ಅಗತ್ಯವಿಲ್ಲದ ಜೋಕು.

ಥಾಯ್ ತಂಡ ಸುಮ್ಮನೆ ನೋಡುತ್ತಿತ್ತು. ಕಾಗೆಯ ಹಿರಿಯರು ಕೇಳಿದರು, “ಯಾವ ಹೆಂಡತಿ?”

ಅವರ ರಾಮಾಯಣ, ರಾಮಕಿಯೆನ್, ಬೇರೆ ದಾರಿ ಹಿಡಿದಿದೆ. ಅದರ ಹನುಮಾನ್ ಬಿಳಿ ಕಪಿ, ರಸಿಕ. ತೊಸಕನ್, ಬರೆಯುವಾಗ ನಮ್ಮ ದಶಕಂಠನೇ, ಅವನ ಮಗಳು ಸುಪನ್ನಮಚ್ಚಾ ಒಬ್ಬ ಮತ್ಸ್ಯಕನ್ಯೆ. ಸೇತುವೆಯ ಕಲ್ಲು ಕದಿಯಲು ಬಂದವಳು ಹನುಮಾನನಿಗೆ ಮನಸೋತಳು. ಇಬ್ಬರಿಗೆ ಮಚ್ಚಾನು ಅಂತ ಮಗನೂ ಇದ್ದಾನೆ. ಅಲ್ಲಿನ ಮಗುವಿಗೆ ಹನುಮನ ಹೆಂಡತಿ ಅನ್ನುವುದು ಜೋಕಲ್ಲ, ಸಾಮಾನ್ಯ ಜ್ಞಾನ.

ಪೀ ಸೂಚಿಸಿದ್ದು, ಚಿನ್ನಿ ನೇರವಾಗಿ ಸುಪನ್ನಮಚ್ಚಾ ಆಗಲಿ, ಹನುಮನನ್ನು ಮದುವೆಯಾಗುತ್ತೇನೆ ಅನ್ನಲಿ. ಬೆಂಗಳೂರಿನಲ್ಲಿ ಅದಕ್ಕೆ ಬೆವರಿದರು. ಆ ತುಣುಕು ಸಬ್‌ಟೈಟಲ್ ಹಾಕಿಕೊಂಡು ಇಲ್ಲಿಗೆ ಮರಳಿ ಬಂದರೆ? ಆ ಭಯವನ್ನು ನಾನು ಹಗುರ ಮಾಡುವುದಿಲ್ಲ. ಕಂತನ್ನೇ ಕೈಬಿಡೋಣ ಅನ್ನುವ ಮಾತೂ ಬಂತು. ದಾರಿ ತೋರಿಸಿದ್ದು ಐದನೇ ಕಂತು. ಅದರಲ್ಲಿ ಚಿನ್ನಿಗೆ ಹೊಳೆ ಕಂಡರೆ ಹೆದರಿಕೆ. ಹೊಸ ಸಾಲು ಹೀಗಾಯಿತು: ‘ನಾನು ಮೀನಿನ ರಾಣಿ ಆಗ್ತೀನಿ.’ ಕೂಡಲೇ ಎಲ್ಲರೂ ನಗುತ್ತಾರೆ, ನೀರಿಗೆ ಹೆದರುವ ಮೀನು ಅಂತ. ಮದುವೆಯ ಮಾತೇ ಇಲ್ಲ. ಮೀನಿನ ರಾಣಿ ಹನುಮಾನನಿಗೆ ಏನಾಗಬೇಕು ಅಂತ ಥಾಯ್ ಮಕ್ಕಳಿಗೆ ಗೊತ್ತು. ನಮ್ಮವರು ಯಾರಾದರೂ ನೋಡಿದರೆ ಬರೀ ಮೀನು.

ಹೆಸರುಗಳಿಗೆ ಮಾತ್ರ ನಾವು ಜಗ್ಗಾಡಲಿಲ್ಲ. ರಾಮ ‘ಪ್ರ ರಾಮ್’ ಆದ, ರಾವಣ ತೊಸಕನ್ ಆದ. ನಮ್ಮ ಬಾಸ್ ‘ಅವರ ಕಾನ್ ಕ್ಲುವಾಯ್ 2008ರಲ್ಲಿ ಹಿಂದಿಗೆ ಬಂದಾಗ ಜಂಬೋ ಆಗಲಿಲ್ವಾ’ ಅಂದರು. ಆ ಆನೆಮರಿಯ ಬೆನ್ನು ಬಾಳೆ ಎಲೆಯ ದಂಟಿನಂತೆ ಬಾಗಿದೆ ಅಂತ ಆ ಹೆಸರು. ಹಿಂದಿಯಲ್ಲಿ ಅಕ್ಷಯ್ ಕುಮಾರ್ ಧ್ವನಿ ಸಿಕ್ಕಿತು, ಬಾಳೆ ದಂಟು ಹೋಯಿತು. ನನ್ನ ಪ್ರಕಾರ ಇವೆರಡೂ ಒಂದೇ ಅಲ್ಲ. ತೊಸಕನ್ ಅಲ್ಲಿ ಮೊದಲೇ ಇರುವ ಹೆಸರು, ನಮ್ಮದಕ್ಕೆ ಅಣ್ಣತಮ್ಮ.

ಆಟದ ದೃಶ್ಯವನ್ನು ಪೀ ಖೋನ್ ಶೈಲಿಯಲ್ಲಿ ಮಾಡಿಸಿದರು. ದೂರದ ಶಾಟುಗಳಲ್ಲಿ ಮಕ್ಕಳ ತುಟಿ ಕಾಣುವುದಿಲ್ಲ. ಅಲ್ಲೆಲ್ಲ ಒಬ್ಬರೇ ರಾಗವಾಗಿ ಪಾಕ್ ಹೇಳುವುದು, ಪದ್ಯ ಮುಗಿದಾಗ ಉಳಿದವರು ‘ಪೆಯ್!’ ಅಂತ ಕೂಗುವುದು. ಹತ್ತಿರದ ಶಾಟು ಬಂದರೆ ಸಾದಾ ಮಾತು. ಕೆಳಗೆ ಎಂ ಅಂಡ್ ಇ ಟ್ರ್ಯಾಕಿನಲ್ಲಿ ನಮ್ಮ ಚೆಂಡೆ ಹಾಗೇ ಇದೆ. ಸಾಗರದ ಕಡೆಯ ನಮ್ಮ ಬರಹಗಾರನಿಗೆ ಕೇಳಿಸಿದೆ. “ನಮ್ ಭಾಗವತ್ರು ಕೇಳಿದ್ರೆ ಎದ್ದು ಹೋಗ್ತಾರೆ ಮಾರಾಯ” ಅಂದ. ಸ್ವಲ್ಪ ಹೊತ್ತು ಬಿಟ್ಟು, “ಇನ್ನೊಂದ್ಸಲ ಹಾಕು” ಅಂದ. ಅದು ಸರಿಯೋ ಅತಿಯಾಯಿತೋ ಅಂತ ನನಗೆ ಇವತ್ತಿಗೂ ಎರಡು ಮನಸ್ಸು.

ಬೊಗಳಿದ ಹಾಡು

ಥಾಯ್‌ನಲ್ಲಿ ಐದು ಸ್ವರಗತಿ. ‘ಮಾ’ ಅನ್ನುವುದನ್ನು ಸಮವಾಗಿ ಹೇಳಿದರೆ ‘ಬಾ’. ಎತ್ತರದ ದನಿಯಲ್ಲಿ ಹೇಳಿದರೆ ಕುದುರೆ. ಕೆಳಗಿಂದ ಮೇಲಕ್ಕೆ ಏರಿಸಿದರೆ ನಾಯಿ. ನಮ್ಮ ಶೀರ್ಷಿಕೆ ಹಾಡು ಹಿಂದಿಯಲ್ಲಿ ‘ಆಜಾ ಆಜಾ’ ಅಂತ ಶುರು, ರಾಗ ಮೇಲಕ್ಕೆ ಏರುತ್ತದೆ. ಅನುವಾದಕರು ‘ಮಾ ಮಾ’ ಅಂತ ಕೂರಿಸಿದ್ದರು. ಅರ್ಥ ಸರಿ. ಆದರೆ ರಾಗದ ಜೊತೆ ಏರಿದಾಗ ‘ನಾಯಿ ನಾಯಿ’. ಮಕ್ಕಳು ಬೊಗಳದೆ ಇನ್ನೇನು ಮಾಡುತ್ತಾರೆ?

ರಾಗ ಬದಲಿಸುವಂತಿಲ್ಲ, ಸಂಗೀತ ಟ್ರ್ಯಾಕಿನಲ್ಲಿ ಕೊಳಲು ಅದನ್ನೇ ನುಡಿಸುತ್ತಿದೆ. ಆದ್ದರಿಂದ ಮಾತು ಬದಲಾಯಿತು. ‘ಯೂ ನೈ’, ಅಂದರೆ ಎಲ್ಲಿದ್ದೀಯ. ಮೊದಲನೆಯದು ತಗ್ಗಿನ ದನಿ, ಎರಡನೆಯದು ಏರುವ ದನಿ, ಕೊಳಲಿನ ಜೊತೆ ಕೂಡಿತು. ಕರೆಯುವ ಹಾಡು ಹುಡುಕುವ ಹಾಡಾಯಿತು. ಎರಡನೇ ಚರಣ ಮಾತ್ರ ಕೊನೆಗೂ ಕೂರಲಿಲ್ಲ. ಸುಮ್ನೆ ‘ಲಾ ಲಾ’ ಹಾಡಿಸಿದೆವು.

ಆದದ್ದು

ಕೆಲಸ ಏಳು ವಾರ ತಡವಾಯಿತು. ನಾಲ್ಕು ಕಂತುಗಳ ಮರುರೆಕಾರ್ಡಿಂಗ್, ಎರಡು ಸಲದ ಅನುವಾದ, ನನ್ನ ಪ್ರಯಾಣ, ಎಲ್ಲ ಸೇರಿ ಉಳಿಸಲು ಹೋದದ್ದಕ್ಕಿಂತ ಜಾಸ್ತಿ ಹೋಯಿತು. ಎರಡು, ಮೂರನೇ ಕಂತುಗಳನ್ನು ಪೂರ್ತಿ ಮಾಡದೆ ತೇಪೆ ಹಾಕಿದ್ದರಿಂದ ಅಲ್ಲಿ ಪುಟ್ಟ ಅಜ್ಜನ ಎದುರು ಒಮ್ಮೆ ‘ಪೊಮ್’, ಒಮ್ಮೆ ‘ನೂ’ ಅನ್ನುತ್ತಾನೆ. ಪೀಗೆ ಅದು ಈಗಲೂ ಚುಚ್ಚುತ್ತದೆ. ಎಷ್ಟು ಜನ ನೋಡಿದರು ಅಂತ ವೇದಿಕೆಯವರು ಹೇಳಲಿಲ್ಲ. ಎರಡನೇ ಸೀಸನ್ ಕೊಳ್ಳಲೂ ಇಲ್ಲ. ಮರುವರ್ಷ ನಮ್ಮದೇ ಇನ್ನೊಂದು ಸರಣಿಯನ್ನು ಕೊಂಡರು. ಷರತ್ತುಗಳಲ್ಲಿ ಒಂದು: ಸ್ಕ್ರಿಪ್ಟಿನ ಜೊತೆ ಸಂಬಂಧದ ಹಾಳೆ ಕೊಡಬೇಕು. ಈಗ ನಮ್ಮಲ್ಲಿ ಕಥೆ ಬರೆಯುವಾಗಲೇ ಅದನ್ನು ತುಂಬುತ್ತಾರೆ, ಗೊಣಗಿಕೊಂಡು. ಅನುವಾದವನ್ನು ಡಬ್ಬಿಂಗ್ ತಂಡದಿಂದ ಬೇರೆ ಮಾಡುವುದನ್ನು ನಾನು ಬಿಟ್ಟೆ.

ಕಳೆದ ವರ್ಷ ಪುಟ್ಟನ ಸರಣಿಗೆ ಕೊನೆಗೂ ಕನ್ನಡ ಡಬ್ಬಿಂಗ್ ಶುರುವಾಯಿತು. ಮಾತು ಬರೆಯಲು ಬಂದ ಹುಡುಗಿ ಮೊದಲ ದಿನವೇ ಫೋನ್ ಮಾಡಿದಳು. “ಸರ್, ಇಂಗ್ಲಿಷ್‌ನಲ್ಲಿ ಎಲ್ಲರಿಗೂ ಅಂಕಲ್ ಅಂತಿದೆ. ಯಾರು ಯಾರು ಇವರೆಲ್ಲ?” ಬ್ಯಾಂಕಾಕಿನ ಹಾಳೆ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ಅವಳೇ.

“ಸರ್, ಕಂಡಕ್ಟರ್‌ಗೆ ಪೀ ಅಂತಿದೆ. ಅಣ್ಣ ಅಂತ ಹಾಕ್ಲಾ?”

“ಹಾಕಮ್ಮ.”

“ಮತ್ತೆ ಮಾವ ಅಮ್ಮನ್ನ ಏನಂತ ಕರೀಬೇಕು? ಅಕ್ಕ ಅಂತಲೇ ಅಲ್ವಾ?”

“ಅಕ್ಕ ಅಂತಲೇ,” ಅಂದೆ. “ಅದು ಬ್ಯಾಂಕಾಕಿನಲ್ಲೇ ತೀರ್ಮಾನ ಆಗಿದೆ.”